ಕೂಸಿನ ಫಿಟ್ಸ್: ಗದ್ದಲದ್ದು ಮತ್ತು ಸದ್ದಿಲ್ಲದ್ದು

13 ವರ್ಷದ ಹಿಂದಿನ ಮಾತು. ಆಗ ನಮ್ಮ ವಾಸ ದೋಹಾದ ನಜ್ಮಾದಲ್ಲಿ, ಒಂದು ಹಳೆಯ ಕಟ್ಟಡದ ಮೂರನೇ ಮಹಡಿ. ಮಗನಿಗೆ 14 ತಿಂಗಳು. ಸಂಜೆಯಿಂದ ಮೈ ಬೆಚ್ಚಗಿತ್ತು, ಮೂಗು ಸೋರುತ್ತಿತ್ತು, ಅಷ್ಟೇ. ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆಯುವ ಹೊತ್ತಿಗೆ ಮಂಚದ ಮೇಲಿದ್ದ ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಕೈಕಾಲು ಸೆಟೆದವು, ಆಮೇಲೆ ಒಂದೇ ಸಮನೆ ಅದುರತೊಡಗಿದವು. ತುಟಿ ನೀಲಿಯಾಯಿತು. ಕರೆದರೆ ಓಗೊಡುವುದಿಲ್ಲ.

ನಾವು ಡಿ.ಫಾರ್ಮ ಓದಿದವರು. ಆಗಲೇ ಎಷ್ಟೋ ವರ್ಷ ಆಸ್ಪತ್ರೆಯ ಔಷಧದ ಕಿಟಕಿಯಲ್ಲಿ ನಿಂತು, ಫಿಟ್ಸ್ ಬಂದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಬಂದವರಿಗೆಲ್ಲ ಹೇಳಿದವರು. ಆ ರಾತ್ರಿ ಗಂಡ ಹೆಂಡತಿ ನಾವಿಬ್ಬರೂ ಸೇರಿ ಮಾಡಿದ್ದೇನು ಗೊತ್ತೇ? ಒಬ್ಬರು ಮುಖಕ್ಕೆ ನೀರು ಎರಚಿದೆವು. ಇನ್ನೊಬ್ಬರು ಅಡುಗೆಮನೆಯಿಂದ ಸ್ಟೀಲ್ ಚಮಚ ತಂದು ಹಲ್ಲಿನ ನಡುವೆ ತುರುಕಲು ನೋಡಿದೆವು. ಗಲಾಟೆ ಕೇಳಿ ಬಂದ ಪಕ್ಕದ ಮನೆಯವರು ತಮ್ಮ ಬೀಗದ ಕೈ ಗೊಂಚಲನ್ನು ಮಗುವಿನ ಮುಷ್ಟಿಯೊಳಗೆ ಇಟ್ಟು ಒತ್ತಿ ಹಿಡಿದರು. ಕೊನೆಗೆ ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದು ಓಡಿದೆವು. ಮಕ್ಕಳ ತುರ್ತು ಚಿಕಿತ್ಸಾ ಕೇಂದ್ರ ಮುಟ್ಟುವಾಗ ಅವನು ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಗಾಢ ನಿದ್ದೆಯಲ್ಲಿದ್ದ.

ವೈದ್ಯರು ಎರಡೇ ಪ್ರಶ್ನೆ ಕೇಳಿದರು. ಎಷ್ಟು ನಿಮಿಷ ಇತ್ತು? ಎರಡೂ ಕಡೆ ಅದುರಿತೋ, ಒಂದೇ ಕಡೆಯೋ? ಎರಡಕ್ಕೂ ನಮ್ಮಲ್ಲಿ ಉತ್ತರ ಇರಲಿಲ್ಲ. ನಮ್ಮ ಪ್ರಕಾರ ಅರ್ಧ ಗಂಟೆ. ಮನೆಯಿಂದ ಹೊರಟ ಹೊತ್ತು, ದಾರಿ ಎಲ್ಲ ಲೆಕ್ಕ ಹಾಕಿ ವೈದ್ಯರು ಮೂರು ನಿಮಿಷಕ್ಕಿಂತ ಹೆಚ್ಚಿರಲಾರದು ಎಂದರು. ಮಗುವಿನ ಮೈಯಲ್ಲಿ ಅವರಿಗೆ ಕಂಡ ಗಾಯ ಒಂದೇ, ಕೆಳದುಟಿಯ ಒಳಗಡೆ. ಅದು ಫಿಟ್ಸ್‌ನಿಂದ ಆದದ್ದಲ್ಲ, ನಮ್ಮ ಚಮಚದಿಂದ ಆದದ್ದು.

ಅದು ಜ್ವರದ ಫಿಟ್ಸ್. 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 2ರಿಂದ 5 ಮಕ್ಕಳಿಗೆ ಒಮ್ಮೆಯಾದರೂ ಬರುತ್ತದೆ. ಜ್ವರ ಏರುವ ಹೊತ್ತಿನಲ್ಲಿ, ಎಷ್ಟೋ ಸಲ ಜ್ವರ ಇದೆ ಎಂದು ಮನೆಯವರಿಗೆ ಗೊತ್ತಾಗುವ ಮೊದಲೇ ಬಂದುಬಿಡುತ್ತದೆ. ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ, ಮೆದುಳಿಗೆ ಪೆಟ್ಟು ಕೊಡುವುದಿಲ್ಲ, ಬುದ್ಧಿ ಕುಂದಿಸುವುದಿಲ್ಲ. ಮೂವರಲ್ಲಿ ಒಬ್ಬರಿಗೆ ಇನ್ನೊಮ್ಮೆ ಬರಬಹುದು. ಪ್ಯಾರಸಿಟಮಾಲ್ ಕೊಟ್ಟರೆ ಮಗುವಿಗೆ ಹಾಯೆನಿಸುತ್ತದೆ, ಕೊಡಬೇಕು. ಆದರೆ ಮುಂದಿನ ಫಿಟ್ಸನ್ನು ಅದು ತಡೆಯುತ್ತದೆ ಎನ್ನುವ ನಂಬಿಕೆಗೆ ಆಧಾರ ಸಿಕ್ಕಿಲ್ಲ. ಅದನ್ನು ನಂಬಿ ಎರಡು ಪಟ್ಟು ಕುಡಿಸಿದ ತಂದೆತಾಯಿಯರನ್ನು ಕಿಟಕಿಯಲ್ಲಿ ನೋಡಿದ್ದೇವೆ. ಡ್ರಾಪ್ಸ್ ಬಾಟಲಿಯ ಔಷಧ ಸಿರಪ್‌ಗಿಂತ ಸುಮಾರು 4 ಪಟ್ಟು ಗಟ್ಟಿ ಇರುತ್ತದೆ ಎಂಬುದೂ ಇಲ್ಲೇ ಹೇಳಿಬಿಡಬೇಕು. ಊರಿಂದ ತಂದ ಡ್ರಾಪ್ಸ್ ಮುಗಿದು ಇಲ್ಲಿ ಸಿರಪ್ ಕೊಂಡಾಗ, ಅಥವಾ ಸಿರಪ್ ಮುಗಿದು ಡ್ರಾಪ್ಸ್ ಕೊಂಡಾಗ, ಹಳೆಯ ಎಂಎಲ್ ಲೆಕ್ಕ ಹೊಸ ಬಾಟಲಿಗೆ ಸಲ್ಲುವುದಿಲ್ಲ.

ನಮ್ಮ ಮಗ ಈಗ ಒಂಬತ್ತನೇ ಕ್ಲಾಸು, ನಮಗಿಂತ ಎತ್ತರ. ಆ ಒಂದು ರಾತ್ರಿ ಬಿಟ್ಟರೆ ಮತ್ತೆಂದೂ ಬರಲಿಲ್ಲ.

ಈ ಕಥೆಯನ್ನು ಮೊದಲು ಹೇಳಲು ಕಾರಣ ಇದೆ. ನಮ್ಮನ್ನು ಅಷ್ಟು ಹೆದರಿಸಿ ಮೂರು ಮಹಡಿ ಇಳಿಸಿ ಓಡಿಸಿದ ಫಿಟ್ಸ್, ಫಿಟ್ಸ್‌ಗಳ ಪೈಕಿ ಸಾಧುವಾದದ್ದು. ಯಾರನ್ನೂ ಹೆದರಿಸದೆ, ಸದ್ದು ಮಾಡದೆ, ಮನೆಯವರೆಲ್ಲ ನಗುನಗುತ್ತ ನೋಡುತ್ತಿರುವಾಗಲೇ ಬಂದು ಹೋಗುವ ಇನ್ನೊಂದು ಬಗೆ ಇದೆ. ವಾರ್ಷಿಕ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಸಂಘದವರು ಕೇಳಿದಾಗ ನಾವು ಒಪ್ಪಿದ್ದು ಅದರ ಬಗ್ಗೆ ಹೇಳುವುದಕ್ಕೆ. ಆದರೆ ಗದ್ದಲದ ಫಿಟ್ಸ್ ಎದುರಾದರೆ ಮಾಡಬೇಕಾದ್ದನ್ನು ಮೊದಲು ಮುಗಿಸೋಣ. ನಾವು ಚಮಚ ಹಿಡಿದು ಕಲಿತದ್ದನ್ನು ನೀವು ಓದಿಯೇ ಕಲಿಯಬಹುದು.

ಮೊದಲು ಗಡಿಯಾರ ನೋಡಿ. ಮಗುವನ್ನು ನೆಲದ ಮೇಲೆ ಅಥವಾ ಗಟ್ಟಿ ಹಾಸಿಗೆಯ ಮೇಲೆ ಒಂದು ಮಗ್ಗುಲಾಗಿ ಮಲಗಿಸಿ, ಬಾಯಿಯ ಜೊಲ್ಲು, ವಾಂತಿ ಹೊರಗೆ ಹರಿದುಹೋಗುವ ಹಾಗೆ. ಕುತ್ತಿಗೆಯ ಗುಂಡಿ ಬಿಚ್ಚಿ. ಬಾಯಿಗೆ ಚಮಚ, ಬೆರಳು, ನೀರು, ಔಷಧ, ಏನೂ ಬೇಡ. ನಾಲಿಗೆ ನುಂಗಿಬಿಡುತ್ತದೆ ಎನ್ನುವುದು ಸುಳ್ಳು. ಅದುರುವ ಕೈಕಾಲನ್ನು ಅದುಮಿ ಹಿಡಿಯಬೇಡಿ. ಕಬ್ಬಿಣ, ಈರುಳ್ಳಿ, ಚಪ್ಪಲಿಯ ವಾಸನೆ ಯಾವುದೂ ಫಿಟ್ಸ್ ನಿಲ್ಲಿಸುವುದಿಲ್ಲ. ಮೂರು ನಿಮಿಷಕ್ಕೆ ನಿಲ್ಲುವ ಫಿಟ್ಸ್‌ಗೆ ಎರಡನೇ ನಿಮಿಷಕ್ಕೆ ಬೀಗದ ಕೈ ಕೊಟ್ಟರೆ ಹೆಸರು ಬರುವುದು ಬೀಗದ ಕೈಗೆ, ಅಷ್ಟೇ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರು ಫೋನಿನಲ್ಲಿ ವಿಡಿಯೊ ತೆಗೆಯಲಿ. ಮಗು ಹೀಗಿರುವಾಗ ವಿಡಿಯೊವೇ ಎಂದು ನಾಚಿಕೆ ಪಡುವವರಿದ್ದಾರೆ. ವೈದ್ಯರಿಗೆ ನಮ್ಮ ಅರ್ಧ ಗಂಟೆಯ ವರ್ಣನೆಗಿಂತ ಆ ಅರ್ಧ ನಿಮಿಷದ ವಿಡಿಯೊ ಹೆಚ್ಚು ಹೇಳುತ್ತದೆ.

5 ನಿಮಿಷ ದಾಟಿದರೆ, ನಿಂತು ಮತ್ತೆ ಶುರುವಾದರೆ, ನಿಂತ ಮೇಲೂ ಉಸಿರು ಸರಿಯಾಗದಿದ್ದರೆ ಅಥವಾ ಎಚ್ಚರ ಬಾರದಿದ್ದರೆ 999. ಮಗುವಿಗೆ 6 ತಿಂಗಳು ತುಂಬಿಲ್ಲದಿದ್ದರೆ 5 ನಿಮಿಷ ಕಾಯುವ ಮಾತೇ ಇಲ್ಲ, ಮೊದಲ ಫಿಟ್ಸ್‌ಗೇ ತುರ್ತು ಚಿಕಿತ್ಸೆ. ದೊಡ್ಡ ಮಗುವಿಗೂ ಮೊದಲ ಸಲ ಬಂದದ್ದಾದರೆ ನಿಂತ ಮೇಲೆ ಅದೇ ದಿನ ತೋರಿಸಲೇಬೇಕು. ಕತಾರ್‌ನಲ್ಲಿ 999ಕ್ಕೆ ಕರೆ ಮಾಡಿದಾಗ ಕೇಳುವುದು ನೀವೆಲ್ಲಿದ್ದೀರಿ ಎಂದು. 'ಲುಲು ಹಿಂದುಗಡೆ, ಟೀ ಅಂಗಡಿ ಪಕ್ಕ' ಎಂದರೆ ಆಂಬುಲೆನ್ಸ್ ಬರುವುದು ಕಷ್ಟ. ನಿಮ್ಮ ಕಟ್ಟಡದ ಗೋಡೆಯ ಮೇಲೆ ನೀಲಿ ಫಲಕ ಇದೆಯಲ್ಲ, ಅದರಲ್ಲಿರುವ ವಲಯ, ರಸ್ತೆ, ಕಟ್ಟಡದ ಮೂರು ಸಂಖ್ಯೆ ಹೇಳಬೇಕು. ವರ್ಷಗಟ್ಟಲೆ ಒಂದೇ ಮನೆಯಲ್ಲಿದ್ದು ಆ ಸಂಖ್ಯೆ ಗೊತ್ತಿಲ್ಲದವರು ನಮ್ಮಲ್ಲಿ ಬಹಳ. ನಾವೂ ಹಾಗೇ ಇದ್ದೆವು. ಹೆಂಡತಿ ಮಕ್ಕಳು ವಿಸಿಟ್ ವೀಸಾದಲ್ಲಿ ಬಂದಿದ್ದಾರೆ, ಬಿಲ್ಲು ಎಷ್ಟಾಗುತ್ತದೋ ಎಂದು ತಡ ಮಾಡುವವರೂ ಇದ್ದಾರೆ. 2023ರ ಫೆಬ್ರವರಿಯಿಂದ ಭೇಟಿಗೆ ಬರುವವರಿಗೆ ಆರೋಗ್ಯ ವಿಮೆ ಕಡ್ಡಾಯ, ತುರ್ತು ಚಿಕಿತ್ಸೆ ಅದರೊಳಗೇ ಬರುತ್ತದೆ.

ಇನ್ನು ಸದ್ದಿಲ್ಲದ್ದು.

ಕೆಲವು ವರ್ಷದ ಕೆಳಗೆ ಹಾವೇರಿ ಕಡೆಯ ಒಬ್ಬ ಯುವಕ, ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಯಲ್ಲಿ ಚಾಲಕ, ತನ್ನ ಬೆನ್ನುನೋವಿನ ಮಾತ್ರೆಗೆ ನಮ್ಮ ಕಿಟಕಿಗೆ ಬಂದಿದ್ದ. ಕನ್ನಡ ಕೇಳಿ ಖುಷಿಯಾಗಿ ಮಾತಿಗೆ ನಿಂತ. ಮಗಳಿಗೆ ಐದು ತಿಂಗಳು. ಎತ್ತಿ ನೋಡಿಲ್ಲ, ಇನ್ನೂ ಫೋನಿನಲ್ಲೇ ನೋಡಿದ್ದು. ಹೆಂಡತಿ ಕಳಿಸಿದ ವಿಡಿಯೊ ತೆರೆದು ಗಾಜಿನ ಕೆಳಗಿನಿಂದ ತೂರಿಸಿದ. "ನೋಡ್ರಿ ಸರ, ಈಗಿಂದನ ಅಪ್ಪಗ ಸಲಾಂ ಹೊಡೀತಾಳ."

ನೋಡಿದೆವು. ಮಗು ಆಗ ತಾನೆ ಎದ್ದಿದೆ. ಇದ್ದಕ್ಕಿದ್ದ ಹಾಗೆ ತಲೆ ಮುಂದಕ್ಕೆ ಬಾಗುತ್ತದೆ, ಎರಡೂ ಕೈ ಅಗಲವಾಗಿ ಮೇಲೆದ್ದು ಮುಂದೆ ಬರುತ್ತವೆ, ಕಾಲು ಮಡಚುತ್ತದೆ. ಒಂದೆರಡು ಸೆಕೆಂಡು, ಅಷ್ಟೇ. ಮತ್ತೆ ಸರಿ. ಏಳೆಂಟು ಸೆಕೆಂಡಿಗೆ ಮತ್ತೆ ಅದೇ. ಮತ್ತೆ ಅದೇ. ಹಿನ್ನೆಲೆಯಲ್ಲಿ ಯಾರೋ ಅಜ್ಜಿ ನಗುತ್ತ 'ಅಪ್ಪಗ ನಮಸ್ಕಾರ ಮಾಡು' ಎನ್ನುತ್ತಿದ್ದಾರೆ. ಒಂಬತ್ತು ಸಲ ಎಣಿಸಿದೆವು. ಮಗು ಒಮ್ಮೆಯೂ ನಗಲಿಲ್ಲ, ಅಜ್ಜಿಯ ಕಡೆ ನೋಡಲೂ ಇಲ್ಲ.

ನಾವು ವೈದ್ಯರಲ್ಲ, ರೋಗ ಇಂಥದೇ ಎಂದು ಹೇಳುವ ಅಧಿಕಾರ ನಮಗಿಲ್ಲ. ಒಂದು ಪ್ರಶ್ನೆ ಕೇಳಿದೆವು: ಹೋದ ತಿಂಗಳು ನಗುತ್ತಿದ್ದಷ್ಟು ಈಗಲೂ ನಗುತ್ತಾಳಾ? ಅವನ ಮುಖ ಸಣ್ಣಗಾಯಿತು. ಇಲ್ಲ, ಈಗೀಗ ಕರೆದರೆ ತಿರುಗುವುದೂ ಕಡಿಮೆ, ಫೋನಿನಲ್ಲಿ ನನ್ನ ಗುರುತು ಹತ್ತುತ್ತಿಲ್ಲ ಅಂದುಕೊಂಡಿದ್ದೆ ಎಂದ. ವಿಡಿಯೊವನ್ನು ಮೇಲಿನ ಮಹಡಿಯ ಮಕ್ಕಳ ವೈದ್ಯರಿಗೆ ತೋರಿಸಿದೆವು. ಅವರು ಎರಡನೇ ಸಲ ನೋಡಲಿಲ್ಲ. ನಾಳೆಯೇ ದೊಡ್ಡ ಆಸ್ಪತ್ರೆಗೆ ಹೋಗಲಿ, ಇಇಜಿ ಆಗಲಿ ಎಂದರು.

ಊರಲ್ಲಿ ಅಷ್ಟರೊಳಗೆ ಏನೇನಾಗಿತ್ತು ಎಂಬುದು ಆಮೇಲೆ ಗೊತ್ತಾಯಿತು. ಮಗು ಬೆಚ್ಚಿಬೀಳುತ್ತದೆ ಎಂದು ತಾಯತ ಕಟ್ಟಿಸಿದ್ದರು. ಹೊಟ್ಟೆಯಲ್ಲಿ ಗಾಳಿ ಎಂದು ಒಂದು ಕಡೆ ಡ್ರಾಪ್ಸ್ ಬರೆದುಕೊಟ್ಟಿದ್ದರು. ಬಾಲಗ್ರಹ ಇರಬಹುದು, ಬರೆ ಹಾಕಿಸಿ ಎಂದು ಯಾರೋ ಹೇಳಿದ್ದರಂತೆ. ಪುಣ್ಯಕ್ಕೆ ತಾಯಿ ಒಪ್ಪಿರಲಿಲ್ಲ. ಹುಬ್ಬಳ್ಳಿಯಲ್ಲಿ ಇಇಜಿ ಆಗಿ ಚಿಕಿತ್ಸೆ ಶುರುವಾಗುವ ಹೊತ್ತಿಗೆ ಮೊದಲ 'ಸಲಾಂ' ಕಂಡು ಏಳು ವಾರ ಕಳೆದಿತ್ತು.

ಇದಕ್ಕೆ ವೈದ್ಯರು ಇನ್‌ಫಂಟೈಲ್ ಸ್ಪಾಸಂ ಅಥವಾ ವೆಸ್ಟ್ ಸಿಂಡ್ರೋಮ್ ಎನ್ನುತ್ತಾರೆ. ಹೆಸರಿನ ಹಿಂದಿರುವ ಮನುಷ್ಯನ ಕಥೆ ಕೇಳಿ. ವಿಲಿಯಂ ಜೇಮ್ಸ್ ವೆಸ್ಟ್ ಇಂಗ್ಲೆಂಡಿನ ಒಬ್ಬ ವೈದ್ಯ. 1841ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಒಂದು ಕಾಗದ ಬರೆದರು, ತಮ್ಮದೇ ಮಗನ ಬಗ್ಗೆ. ನಾಲ್ಕು ತಿಂಗಳವರೆಗೆ ಚೆನ್ನಾಗಿದ್ದ ಮಗು ತಲೆ ಮುಂದಕ್ಕೆ ಆಡಿಸತೊಡಗಿತು. ಅದನ್ನು ಮಗುವಿನ ಚೇಷ್ಟೆ ಎಂದೇ ಮೊದಲು ಭಾವಿಸಿದ್ದೆ ಎಂದು ಅವರು ಒಪ್ಪಿಕೊಂಡಿದ್ದಾರೆ. ಆಮೇಲೆ ಬಾಗುವುದು ಹೆಚ್ಚಿತು, ಸಾಲುಸಾಲಾಗಿ ಬರತೊಡಗಿತು, ನಗು ಹೋಯಿತು. ಆ ಕಾಲದ ಚಿಕಿತ್ಸೆಯಾದ ಜಿಗಣೆ, ಅಫೀಮು ಎಲ್ಲ ಮಾಡಿದರು. ಯಾವುದೂ ಫಲಿಸದೆ, ಬೇರೆ ಯಾರಾದರೂ ಇಂಥದ್ದನ್ನು ಕಂಡಿದ್ದೀರಾ ಎಂದು ಕೇಳಿ ಬರೆದ ಕಾಗದ ಅದು. ಲಂಡನ್ನಿನ ಒಬ್ಬ ಹಿರಿಯ ವೈದ್ಯರು ಮಗು ಬಾಗುವ ರೀತಿ ನೋಡಿ ಅದಕ್ಕೆ ಇಟ್ಟಿದ್ದ ಹೆಸರೂ ಆ ಕಾಗದದಲ್ಲಿ ಇದೆ: ಸಲಾಂ ಸೆಳವು. ಹಾವೇರಿಯ ಅಪ್ಪನಿಗೂ ಅದೇ ಮಾತು ಹೊಳೆದಿತ್ತು. ಇಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು, ಕೂಸಿನ ಮೈಮೇಲೆ ಬಂದಾಗ ಅದರ ಅರ್ಥ ಬೇರೆ.

ಇದು ಹೆಚ್ಚಾಗಿ 3ರಿಂದ 12 ತಿಂಗಳ ನಡುವೆ ಕಾಣಿಸಿಕೊಳ್ಳುತ್ತದೆ. ಮೈ ಅದುರುವುದಿಲ್ಲ, ನೊರೆ ಬರುವುದಿಲ್ಲ, ಒಂದೊಂದು ಬಾಗುವಿಕೆಯೂ ಕಣ್ಣು ಮಿಟುಕಿಸುವಷ್ಟು ಚಿಕ್ಕದು. ಆದರೆ ನಡುವೆ ಮೆದುಳಿನ ವಿದ್ಯುತ್ತು ಇಡೀ ದಿನ ಅಸ್ತವ್ಯಸ್ತವಾಗಿಯೇ ಇರುತ್ತದೆ; ಹೊಸತೇನನ್ನೂ ಕಲಿಯಲು ಬಿಡುವುದಿಲ್ಲ, ಕಲಿತದ್ದನ್ನೂ ಕಳೆಯುತ್ತದೆ. ಆದ್ದರಿಂದ ಇಲ್ಲಿ ದಿನಗಳ ಲೆಕ್ಕ. ಬೇಗ ನಿಲ್ಲಿಸಿದಷ್ಟೂ ಮಗು ಚೇತರಿಸಿಕೊಳ್ಳುವ ಅವಕಾಶ ಹೆಚ್ಚು. ನಮ್ಮ ದೇಶದಲ್ಲಿ ಹೆರಿಗೆ ವೇಳೆ ಉಸಿರು ಕಟ್ಟಿದ, ಅಥವಾ ಹುಟ್ಟಿದ ಮೊದಲ ದಿನಗಳಲ್ಲಿ ರಕ್ತದ ಸಕ್ಕರೆ ತೀರ ಇಳಿದ ಮಕ್ಕಳಲ್ಲಿ ಇದು ಹೆಚ್ಚು. ಮೊದಲ ಹಾಲು ಹಿಂಡಿ ಚೆಲ್ಲಿ, ಜೇನುತುಪ್ಪ ನೆಕ್ಕಿಸಿ ಕೂಸನ್ನು ಹಸಿವಿನಲ್ಲಿಡುವ ಪದ್ಧತಿ ಇನ್ನೂ ಇರುವ ಮನೆಗಳಿಗೆ ಇದನ್ನು ತಿಳಿಸಿ ಹೇಳಬೇಕು.

ಬೆಚ್ಚಿಬೀಳುವುದಕ್ಕೂ ಇದಕ್ಕೂ ಗುರುತು ಹಿಡಿಯುವುದು ಹೇಗೆ? ಬಾಗಿಲು ಬಡಿದಾಗ ಕೂಸು ಕೈ ಅಗಲಿಸಿ ಬೆಚ್ಚುತ್ತದೆ, ಒಮ್ಮೆ ಮಾತ್ರ. ನಾಲ್ಕೈದು ತಿಂಗಳು ತುಂಬುವಾಗ ಅದೂ ಹೋಗುತ್ತದೆ. ನಿದ್ದೆಯಲ್ಲಿ ಮಾತ್ರ ಕೈಕಾಲು ಮಿಡಿದು, ಎಬ್ಬಿಸಿದ ಕೂಡಲೇ ನಿಂತರೆ ಅದೂ ಸಾಮಾನ್ಯವಾಗಿ ನಿರಪಾಯಕಾರಿ. ಸಲಾಂ ಸೆಳವು ಹಾಗಲ್ಲ. ಸದ್ದಿಲ್ಲದೆಯೂ ಬರುತ್ತದೆ, ನಿದ್ದೆಯಿಂದ ಎದ್ದ ಹೊತ್ತಿಗೆ ಹೆಚ್ಚು, ಒಂದರ ಹಿಂದೆ ಒಂದು ಒಂದೇ ಅಚ್ಚಿನಲ್ಲಿ. ಕೆಲವು ಮಕ್ಕಳು ಸಾಲು ಮುಗಿದ ಮೇಲೆ ಅಳುತ್ತವೆ, ಹಾಗಾಗಿ ಹೊಟ್ಟೆನೋವು ಅನಿಸುತ್ತದೆ. ಸಂಶಯವಿದ್ದರೆ ನೀವು ತೀರ್ಮಾನಿಸಬೇಡಿ. ವಿಡಿಯೊ ತೆಗೆದು ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಿ.

ಸಂಸಾರ ಊರಲ್ಲಿಟ್ಟು ಇಲ್ಲಿ ದುಡಿಯುವವರಿಗೆ ಇಲ್ಲೊಂದು ಮಾತು. ಮನೆಯಲ್ಲಿ ಕೂಸನ್ನು ಇಡೀ ದಿನ ನೋಡುವವರ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ. ವಾರಕ್ಕೆ ನಾಲ್ಕು ಸಲ ಹತ್ತು ನಿಮಿಷ, ಕಣ್ಣು ಕೀಳದೆ ನೋಡುವ ನಿಮಗೆ ಕಾಣುತ್ತದೆ. 'ದೂರ ಕೂತವನಿಗೇನು ಗೊತ್ತು' ಎಂದು ಊರಲ್ಲಿ ಅಂದರೂ ಬಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ಗೇ ಮೊದಲು ಹೋಗಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ವಿಡಿಯೊ ತೋರಿಸಿದರೆ ಅಲ್ಲಿಂದ ದಾರಿ ತೆರೆಯುತ್ತದೆ. ತುರ್ತಾದರೆ ಕರ್ನಾಟಕದಲ್ಲಿ 108.

ಚಿಕಿತ್ಸೆಯಲ್ಲಿ ನಮ್ಮ ಕಿಟಕಿಯ ಪಾಲು ದೊಡ್ಡದು. ಒಂದೋ ಹಾರ್ಮೋನ್: ಎಸಿಟಿಎಚ್ ಚುಚ್ಚುಮದ್ದು ಇಲ್ಲವೇ ಹೆಚ್ಚಿನ ಪ್ರಮಾಣದ ಪ್ರೆಡ್ನಿಸೊಲೋನ್. ಇಲ್ಲದಿದ್ದರೆ ವಿಗಾಬಾಟ್ರಿನ್, ಕೆಲವೊಮ್ಮೆ ಎರಡೂ. ಪ್ರೆಡ್ನಿಸೊಲೋನ್ ತೆಗೆದುಕೊಳ್ಳುವ ಮಗು ಊದಿಕೊಳ್ಳುತ್ತದೆ, ವಿಪರೀತ ಹಸಿಯುತ್ತದೆ, ರಾತ್ರಿಯಿಡೀ ರಗಳೆ ಮಾಡುತ್ತದೆ. ಮಗು ದಪ್ಪವಾಯಿತು, ಸಾಕು ಎಂದು ಅರ್ಧಕ್ಕೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ, ಹಂತಹಂತವಾಗಿ ಇಳಿಸಬೇಕು. ಆ ದಿನಗಳಲ್ಲಿ ಲಸಿಕೆ ಹಾಕಿಸುವ ಮೊದಲು ವೈದ್ಯರನ್ನು ಕೇಳಬೇಕು. ವಿಗಾಬಾಟ್ರಿನ್ ಪುಡಿ 500 ಮಿಲಿಗ್ರಾಂ ಪೊಟ್ಟಣದಲ್ಲಿ ಬರುತ್ತದೆ. 10 ಎಂಎಲ್ ನೀರಿನಲ್ಲಿ ಕರಗಿಸಿ, ಅದರಲ್ಲಿ ಮಗುವಿನ ತೂಕಕ್ಕೆ ತಕ್ಕ ಎಂಎಲ್ ಮಾತ್ರ ಸಿರಿಂಜಿನಲ್ಲಿ ಎಳೆದು ಕುಡಿಸಿ, ಉಳಿದದ್ದು ಚೆಲ್ಲಬೇಕು. ದುಬಾರಿ ಔಷಧ, ಚೆಲ್ಲಲು ಮನಸ್ಸು ಬಾರದು. ಉಳಿಸಿಟ್ಟು ಸಂಜೆ ಕುಡಿಸಿದವರಿದ್ದಾರೆ. ಅದು ಕಣ್ಣಿನ ಅಂಚಿನ ನೋಟವನ್ನು ಕಡಿಮೆ ಮಾಡಬಹುದು, ಆದ್ದರಿಂದ ಕಣ್ಣಿನ ತಪಾಸಣೆ ತಪ್ಪಿಸುವಂತಿಲ್ಲ.

ಹಾವೇರಿಯ ಮಗುವಿಗೆ ಎರಡು ವಾರದಲ್ಲಿ ಸೆಳವು ನಿಂತಿತು. ನಡೆದದ್ದು ಎರಡು ವರ್ಷ ದಾಟಿದ ಮೇಲೆ. ಮೂರು ವರ್ಷಕ್ಕೆ ಆರೇಳು ಶಬ್ದ. ಮೊದಲ ವಾರವೇ ಹೋಗಿದ್ದರೆ ಹೇಗಿರುತ್ತಿತ್ತು ಎಂದು ಅವನು ಬಂದಾಗಲೆಲ್ಲ ಕೇಳುತ್ತಾನೆ. ಸೆಳವಿಗೆ ಏನು ಕಾರಣ ಎಂಬುದರ ಮೇಲೂ ಅದು ನಿಂತಿದೆ ಎನ್ನುತ್ತೇವೆ. ಅದು ನಿಜವೂ ಹೌದು. ಅವನಿಗೆ ಅದು ಉತ್ತರವಲ್ಲ.

ಇನ್ನೂ ಚಿಕ್ಕ ಕೂಸುಗಳು, ಹುಟ್ಟಿ ತಿಂಗಳೊಳಗಿನವು, ಫಿಟ್ಸನ್ನು ಮತ್ತೂ ಚೆನ್ನಾಗಿ ಬಚ್ಚಿಡುತ್ತವೆ. ತುಟಿ ಚಪ್ಪರಿಸುವುದು, ಸೈಕಲ್ ತುಳಿದ ಹಾಗೆ ಕಾಲಾಡಿಸುವುದು, ಕಣ್ಣು ಒಂದೇ ಕಡೆ ನೆಟ್ಟು ನಿಲ್ಲುವುದು, ಕ್ಷಣಕಾಲ ಉಸಿರು ನಿಂತು ಬಣ್ಣ ಬದಲಾಗುವುದು. ಹಸಿವಾದಾಗ, ಅತ್ತಾಗ ಕೂಸಿನ ಗಲ್ಲ ಕೈ ನಡುಗುವುದು ಸಹಜ. ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡರೆ ನಡುಕ ನಿಲ್ಲುತ್ತದೆ. ಹಿಡಿದ ಕೈಯೊಳಗೂ ಮಿಡಿಯುತ್ತಲೇ ಇದ್ದರೆ ಅದು ಫಿಟ್ಸ್ ಇರಬಹುದು, ತಡ ಮಾಡುವಂತಿಲ್ಲ.

ಈ ಊರಿನದೇ ಒಂದು ಸಂಗತಿ ಹೇಳಬೇಕು. 2010ರಲ್ಲಿ ಕತಾರ್‌ನ ಮಕ್ಕಳ ವೈದ್ಯರಿಬ್ಬರು ಒಂದು ವೈದ್ಯಕೀಯ ಪತ್ರಿಕೆಯಲ್ಲಿ 2 ವರ್ಷದ ಅವಧಿಯ 19 ನವಜಾತ ಶಿಶುಗಳ ವರದಿ ಪ್ರಕಟಿಸಿದರು. ಆ ಕೂಸುಗಳಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿದಿತ್ತು. ಮೂಲ ಕಾರಣ ವಿಟಮಿನ್ ಡಿ ಕೊರತೆ. ಕ್ಯಾಲ್ಸಿಯಂ ಕುಸಿದರೆ ನರಗಳು ತಾವಾಗಿ ಮಿಡಿಯತೊಡಗುತ್ತವೆ, ಅದೇ ಫಿಟ್ಸ್. ವರ್ಷಕ್ಕೆ ಹತ್ತು ತಿಂಗಳು ಬೆಂಕಿಯಂಥ ಬಿಸಿಲು ಇರುವ ದೇಶದಲ್ಲಿ ಬಿಸಿಲಿನ ವಿಟಮಿನ್ನಿಗೆ ಬರ! ಯೋಚಿಸಿದರೆ ಆಶ್ಚರ್ಯವೇನಿಲ್ಲ. ಗರ್ಭಿಣಿ ಆ ಬಿಸಿಲಿಗೆ ಹೆದರಿ ಎಸಿ ಕೋಣೆಯಲ್ಲೇ ಒಂಬತ್ತು ತಿಂಗಳು ಕಳೆಯುತ್ತಾಳೆ. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲು ಬೆಳಕು ಕೊಡುತ್ತದೆ, ವಿಟಮಿನ್ ಡಿ ಮಾಡಿಸುವುದಿಲ್ಲ. ನಮ್ಮ ಕಂದು ಮೈಗೆ ಇನ್ನೂ ಹೆಚ್ಚು ಬಿಸಿಲು ಬೇಕು. ತಾಯಿಯಲ್ಲಿ ಇಲ್ಲದ್ದು ಕೂಸಿಗೆ ಬರುವುದೆಲ್ಲಿಂದ? ಎದೆಹಾಲಿಗೆ ಸಮನಾದದ್ದು ಇಲ್ಲ, ಆದರೆ ಅದರಲ್ಲಿ ಈ ಒಂದು ವಿಟಮಿನ್ ಬಹಳ ಕಡಿಮೆ.

ಇಂಥ ಫಿಟ್ಸ್‌ಗೆ ಮೂರ್ಛೆಯ ಔಷಧ ಉತ್ತರವಲ್ಲ, ಕ್ಯಾಲ್ಸಿಯಂ. ತಡೆಯುವುದು ಇನ್ನೂ ಸುಲಭ. ಎದೆಹಾಲು ಕುಡಿಯುವ ಕೂಸಿಗೆ ಹುಟ್ಟಿದ ದಿನಗಳಿಂದಲೇ ದಿನಕ್ಕೆ 400 ಯೂನಿಟ್ ವಿಟಮಿನ್ ಡಿ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಬರೆದುಕೊಡುತ್ತಾರೆ, ನಾವು ಕೊಡುತ್ತೇವೆ, ಮನೆಯಲ್ಲಿ ಫ್ರಿಜ್ಜಿನ ಬಾಗಿಲಲ್ಲಿ ಅದು ತೆರೆಯದೆ ಕೂತಿರುತ್ತದೆ. ಟಾನಿಕ್ ತಾನೆ ಎಂಬ ಉದಾಸೀನ. ಕುಡಿಸುವವರೂ ಒಂದು ಕಡೆ ಎಡವುತ್ತಾರೆ: ಕೆಲವು ಬಾಟಲಿಯಲ್ಲಿ 400 ಯೂನಿಟ್ ಇರುವುದು 1 ಎಂಎಲ್‌ನಲ್ಲಿ, ಕೆಲವದರಲ್ಲಿ ಒಂದೇ ಹನಿಯಲ್ಲಿ. ಹನಿಯ ಬಾಟಲಿಯಿಂದ ಎಂಎಲ್ ಕುಡಿಸಿದರೆ ಹತ್ತಾರು ಪಟ್ಟಾಯಿತು. ಹೊಸ ಬಾಟಲಿ ತಂದಾಗಲೆಲ್ಲ ಫಾರ್ಮಸಿಸ್ಟನ್ನು ಕೇಳಿ. ಬೇಸರ ಪಡುವುದಿಲ್ಲ, ಅದಕ್ಕೇ ನಮಗೆ ಸಂಬಳ.

ಬೇಸಿಗೆಯಲ್ಲಿ ಇನ್ನೊಂದು. ಹೊರಗೆ 45 ಡಿಗ್ರಿ, ಪಾಪ ಕೂಸಿಗೆ ಬಾಯಾರುತ್ತದೆ ಎಂದು ಬಾಟಲಿಗಟ್ಟಲೆ ನೀರು ಕುಡಿಸುತ್ತಾರೆ. 6 ತಿಂಗಳೊಳಗಿನ ಕೂಸಿಗೆ ಹಾಲೇ ನೀರು. ಬರೀ ನೀರು ಹೆಚ್ಚಾದರೆ ರಕ್ತದ ಸೋಡಿಯಂ ತೆಳುವಾಗಿ ಫಿಟ್ಸ್ ಬರುತ್ತದೆ. ಡಬ್ಬಿ ಹಾಲಿನ ಪುಡಿ ಬೇಗ ಖಾಲಿಯಾಗದಿರಲಿ ಎಂದು ನೀರು ಹೆಚ್ಚು ಬೆರೆಸಿದರೂ ಅದೇ. ಒಂದು ಅಳತೆ ಚಮಚಕ್ಕೆ ಎಷ್ಟು ನೀರು ಎನ್ನುವುದು ಡಬ್ಬಿಯಿಂದ ಡಬ್ಬಿಗೆ ಬೇರೆ. ಊರಿನ ಡಬ್ಬಿಯ ಲೆಕ್ಕ ಇಲ್ಲಿಗೆ ಆಗುವುದಿಲ್ಲ.

ನಮ್ಮ ಮನೆಗಳ ಕರ್ಪೂರದ ಬಗ್ಗೆಯೂ ಹೇಳದೆ ಹೋದರೆ ತಪ್ಪಾದೀತು. ಶೀತಕ್ಕೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ಎದೆಗೆ ಉಜ್ಜುವುದು, ಬಟ್ಟೆಯಲ್ಲಿ ಗಂಟು ಕಟ್ಟಿ ತೊಟ್ಟಿಲಿಗೆ ತೂಗುವುದು ಅಜ್ಜಿಯಿಂದ ಬಂದದ್ದು. ಕರ್ಪೂರ ಕೂಸಿನ ತೆಳು ಚರ್ಮದ ಮೂಲಕವೂ ಒಳಗಿಳಿಯುತ್ತದೆ, ಮೆದುಳನ್ನು ಕೆರಳಿಸುತ್ತದೆ. ಒಂದು ಚೂರು ಬಾಯಿಗೆ ಹೋದರೆ ಕೆಲವೇ ನಿಮಿಷದಲ್ಲಿ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆಯೂ ಹಾಗೆಯೇ. ಅದರ ಆವಿಯಿಂದ ಫಿಟ್ಸ್ ಬಂದ ಪ್ರಕರಣಗಳನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು 2017ರಲ್ಲಿ ವರದಿ ಮಾಡಿದ್ದಾರೆ. ಎದೆಗೆ ಹಚ್ಚುವ ಮುಲಾಮಿನ ಡಬ್ಬಿಯ ಹಿಂದೆ 2 ವರ್ಷದೊಳಗಿನ ಮಕ್ಕಳಿಗೆ ಬೇಡ ಎಂದು ಬರೆದಿರುತ್ತದೆ, ಓದುವವರು ಕಡಿಮೆ. ದೇವರ ಮುಂದೆ ಕರ್ಪೂರ ಹಚ್ಚಲು ಯಾರ ಅಡ್ಡಿಯೂ ಇಲ್ಲ. ಡಬ್ಬಿ ಮಾತ್ರ ಮೇಲಿನ ಶೆಲ್ಫಿನಲ್ಲಿರಲಿ, ಹರಿದಾಡುವ ಮಗುವಿಗೆ ಅದು ಕಲ್ಲುಸಕ್ಕರೆ.

ಮೈಸೂರು ಮಂಡ್ಯ ಕಡೆಯವರಿಗೆ ಒಂದು ಮಾತು. ತಲೆಗೆ ಬಿಸಿನೀರು ಸುರಿದಾಗ ಬರುವ ಫಿಟ್ಸ್ ನಮ್ಮ ನಾಡಿನಲ್ಲಿ ಕಂಡಷ್ಟು ಬೇರೆ ಕಡೆ ಕಂಡಿಲ್ಲ. ಬೆಂಗಳೂರಿನ ಡಾ. ಕೆ. ಎಸ್. ಮಣಿ ಮತ್ತು ಅವರ ತಂಡ ಇದರ ಮೇಲೆ ಮೊದಲು ಕೆಲಸ ಮಾಡಿತು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದರು. ಹೆಚ್ಚಾಗಿ ಸ್ವಲ್ಪ ದೊಡ್ಡ ಮಕ್ಕಳಲ್ಲಿ ಕಾಣುವುದಾದರೂ ಕೂಸುಗಳಲ್ಲೂ ಬಂದದ್ದುಂಟು. ದೋಹಾದಲ್ಲಿ ಜುಲೈ ಆಗಸ್ಟ್ ತಿಂಗಳಲ್ಲಿ ತಾರಸಿಯ ಟ್ಯಾಂಕ್ ಕಾದು ತಣ್ಣೀರಿನ ನಲ್ಲಿಯಲ್ಲೇ ಸುಡುನೀರು ಬರುತ್ತದೆ. ಗೀಸರ್ ಆಫ್ ಮಾಡಿ ಅದರ ನೀರನ್ನೇ ತಣ್ಣೀರಾಗಿ ಬಳಸುವುದು ನಮಗೆಲ್ಲ ಗೊತ್ತು. ಊರಿಂದ ಬಾಣಂತನಕ್ಕೆ ಬಂದ ಅತ್ತೆಗೆ ಗೊತ್ತಿರುವುದಿಲ್ಲ. ಸ್ನಾನದ ಹೊತ್ತಿನಲ್ಲೇ ಮಗು ಕಣ್ಣು ನೆಟ್ಟು ಸ್ತಬ್ಧವಾಗುತ್ತಿದ್ದರೆ ಆ ಸಂಗತಿಯನ್ನು ವೈದ್ಯರಿಗೆ ನೀವೇ ಎತ್ತಿ ಹೇಳಿ. ಬೇರೆ ದೇಶದ ವೈದ್ಯರು ಬಿಸಿನೀರಿನ ಬಗ್ಗೆ ತಾವಾಗಿ ಕೇಳಲಿಕ್ಕಿಲ್ಲ.

ಕೊನೆಗೆ ಔಷಧದ ಓಡಾಟ. ಫಿಟ್ಸ್ ಔಷಧವನ್ನು ರಜೆಯಲ್ಲಿ ಊರಿಗೆ ಹೋದಾಗ ಒಂದೆರಡು ದಿನ ಬಿಟ್ಟರೂ ಫಿಟ್ಸ್ ಮರಳಬಹುದು. ಕೈಚೀಲದಲ್ಲಿ ಇಡಿ, ಲಗೇಜಿನಲ್ಲಲ್ಲ. ಊರಿಂದ ತರುವಾಗ ಇನ್ನೂ ಎಚ್ಚರ. ಫಿನೋಬಾರ್ಬಿಟೋನ್, ಕ್ಲೋಬಜಾಮ್, ಡಯಾಜೆಪಾಮ್, ಮೂಗಿಗೆ ಸಿಂಪಡಿಸುವ ಮಿಡಾಜೋಲಾಮ್, ಇವೆಲ್ಲ ಇಲ್ಲಿ ನಿಯಂತ್ರಿತ ಔಷಧಗಳ ಸಾಲಿಗೆ ಸೇರುತ್ತವೆ. ಮಗುವಿನ ಹೆಸರಿನ ಚೀಟಿ, ವೈದ್ಯಕೀಯ ವರದಿ ಇಲ್ಲದೆ ತರಬೇಡಿ. ಹೊರಡುವ ಮೊದಲು ಇಲ್ಲಿನ ಆರೋಗ್ಯ ಸಚಿವಾಲಯದ ನಿಯಮ ವಿಚಾರಿಸಿ. ಊರಿಗೆ ಹೋದ ಗೆಳೆಯನ ಕೈಯಲ್ಲಿ 'ಒಂದು ಬಾಟಲಿ ತಗೊಂಡು ಬಾ' ಎಂದು ಹೇಳಲೇಬೇಡಿ. ಇಂಥ ಮಾತ್ರೆಗಳ ಬಗ್ಗೆ ಭಾರತೀಯ ರಾಯಭಾರ ಕಚೇರಿ ಎಚ್ಚರಿಕೆ ಕೊಟ್ಟಿದೆ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವವನು ನಿಮ್ಮ ಗೆಳೆಯ.

ಹಾವೇರಿಯ ಹುಡುಗ ಹೋದ ತಿಂಗಳು ರಜೆಗೆ ಹೊರಡುವ ಮುನ್ನ ಬಂದಿದ್ದ. ಮಗಳಿಗೆ ಈಗ ಬೇರೆ ಔಷಧ, ಲೆವೆಟಿರಾಸೆಟಮ್ ಸಿರಪ್, ದಿನಕ್ಕೆರಡು ಸಲ. ಇಷ್ಟು ದಿನ ಹೆಂಡತಿಯೇ ಕುಡಿಸಿದ್ದಾಳೆ, ರಜೆಯಲ್ಲಿ ನಾನು ಕುಡಿಸಬೇಕು, ಸಿರಿಂಜಿನಲ್ಲಿ ಎಳೆಯುವುದು ತೋರಿಸಿ ಎಂದ. ಖಾಲಿ ಸಿರಿಂಜ್ ಮತ್ತು ಒಂದು ಕಪ್ ನೀರು ಕೊಟ್ಟೆವು. ಗುಳ್ಳೆ ಬರದ ಹಾಗೆ ಎರಡೂವರೆ ಎಂಎಲ್ ಎಳೆಯಲು ಕಲಿಯುವವರೆಗೆ ಕಿಟಕಿಯ ಪಕ್ಕ ನಿಂತು ಮಾಡಿದ. ಹಿಂದಿನ ಸಾಲು ಕಾಯುತ್ತಿತ್ತು. ಯಾರೂ ಬೈಯಲಿಲ್ಲ.